ಹಾಕಿದ ಹೊಲಿಗೆ ಬಿಚ್ಚುವ ಕುಷನ್ ನಾಗೇಂದ್ರ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ನಂಜನಗೂಡಿನ ಅಕ್ಕಿ ವ್ಯಾಪಾರಿ ಗಂಗಾಧರಸ್ವಾಮಿಯವರ ಮನೆ ಪಕ್ಕದ ಶೀಟಿನ ಶೆಡ್ಡಿನಲ್ಲಿ ದೊಡ್ಡದೊಂದು ಕಾರು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿಸಿಕೊಂಡು ನಿಂತಿದೆ. ಹಗ್ಗದ ಬದಲು ಕಪ್ಪು ಕೇಬಲ್ಲು, ಮೇವಿನ ಬದಲು ಕರೆಂಟು. ಮುಂದಿನ ಎಡಬಾಗಿಲು ತೆರೆದಿದೆ. ಎಡಗಡೆಯ ಸೀಟಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಐವತ್ತನಾಲ್ಕು ವರ್ಷದ ನಾಗೇಂದ್ರ ಕೂತಿದ್ದಾರೆ. ಅವರು ಎಲ್ಲಿಗೂ ಹೊರಟವರಲ್ಲ. ಈ ಸೀಟಿಗೆ ಕವರು ಹೊಲಿದವರು ಅವರು. ಈಗ ಅದನ್ನು ಬಿಚ್ಚಲು ಬಂದಿದ್ದಾರೆ.

ಎಡಗೈ ತಾನಾಗಿ ಸೀಟಿನ ಬದಿಗೆ ಹೋಗುತ್ತದೆ. ಬೆನ್ನಿಗೆ ಒರಗುವ ಭಾಗದ ಅಂಚಿನಲ್ಲಿ ಎರಡು ಸಾಲು ಹೊಲಿಗೆ, ಒಂದರ ಪಕ್ಕ ಒಂದು, ಸ್ಕೇಲಿಟ್ಟು ಗೆರೆ ಎಳೆದಂತೆ ಇಳಿದಿದೆ. ಬೆರಳು ಮೇಲಿನಿಂದ ಕೆಳಗಿನವರೆಗೆ ಸವರಿ ವಾಪಸ್ ಬರುತ್ತದೆ. ಎಲ್ಲೂ ಸಡಿಲವಿಲ್ಲ, ಒಂದು ನೂಲೂ ಎದ್ದಿಲ್ಲ. ಬೇರೆ ಯಾವ ಕಾಲದಲ್ಲಾದರೂ ನಾಗೇಂದ್ರ ಇದನ್ನು ಕಂಡು ಮೀಸೆಯ ಕೆಳಗೇ ನಗುತ್ತಿದ್ದರು. ಇವತ್ತು ಮುಖ ಬಾಡಿಹೋಗಿದೆ. ಜೇಬಿನಲ್ಲಿ ಹೊಲಿಗೆ ಬಿಚ್ಚುವ ಸಣ್ಣ ಚಾಕು ಇದೆ. ತೆಗೆಯುವಂತಿಲ್ಲ. ಈ ಸೀಟಿನ ಒಡತಿ, ಗಂಗಾಧರಸ್ವಾಮಿಯವರ ತಾಯಿ ಪುಟ್ಟಬಸಮ್ಮ ಒಳಗೆ ಪೂಜೆಗೆ ಕೂತಿದ್ದಾರೆ. ಅವರ ಒಪ್ಪಿಗೆ ಇಲ್ಲದೆ ಈ ಮನೆಯಲ್ಲಿ ಹೊಲಿಗೆ ಇರಲಿ, ಹಾಲಿನ ಪ್ಯಾಕೆಟ್ಟೂ ಬಿಚ್ಚುವುದಿಲ್ಲ. ನಾಗೇಂದ್ರ ಇದೇ ಕೆಲಸಕ್ಕೆ ಇಲ್ಲಿಗೆ ಬರುತ್ತಿರುವುದು ಐದನೇ ಸಲ. ನಾಲ್ಕು ಸಲ ‘ಬ್ಯಾಡ’ ಅನ್ನಿಸಿಕೊಂಡು ಹೋಗಿದ್ದಾರೆ.

ಊಟಿ ರಸ್ತೆಯ ಬದಿಯಲ್ಲಿ, ಪಂಕ್ಚರ್ ಅಂಗಡಿಗೂ ಎಳನೀರಿನ ರಾಶಿಗೂ ನಡುವೆ ‘ಸುಖಾಸನ ಕುಷನ್ ವರ್ಕ್ಸ್’ ಇದೆ. ಒಳಗೆ ಎರಡು ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಸ್ಪಂಜಿನ ಹಾಳೆಗಳು, ಗೋಡೆಗೆ ಚುಚ್ಚಿಟ್ಟ ಉದ್ದನೆಯ ದಬ್ಬಳಗಳು. ಒಂದು ಯಂತ್ರ ನಾಗೇಂದ್ರ ಅವರದು, ಇನ್ನೊಂದು ಅವರ ಹೆಂಡತಿ ಸಾಕಮ್ಮನದು. ತಾಂಡವಪುರದ ನಾಗೇಂದ್ರ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮೈಸೂರಿನ ಕುಷನ್ ಅಂಗಡಿಯೊಂದರಲ್ಲಿ ಸ್ಕೂಟರ್ ಸೀಟಿಗೆ ರೆಕ್ಸಿನ್ ಎಳೆಯುವುದರಿಂದ ಶುರು ಮಾಡಿದರು. ಆಮೇಲೆ ಬಸ್ಸಿನ ಸೀಟು, ಲಾರಿಯ ಸೀಟು, ಕಾರಿನ ಸೀಟು. ಸ್ವಂತ ಅಂಗಡಿಗೆ ಇಪ್ಪತ್ತೇಳು ವರ್ಷ. ಕೂತು ಉಣ್ಣುವವರನ್ನು ಬೈಯುವ ಊರಿನಲ್ಲಿ ಕೂತೇ ದುಡಿದು, ಬೇರೆಯವರು ಕೂರಲಿ ಎಂದು ಬೆನ್ನು ಬಗ್ಗಿಸಿದವರು. ಅವರ ಕೆಲಸ ಬೆನ್ನ ಹಿಂದೆಯೇ ಇರುವುದರಿಂದ ಯಾರೂ ತಿರುಗಿ ನೋಡುವುದಿಲ್ಲ.

ನಾಗೇಂದ್ರ ಅವರ ಕೆಲಸದ ಕ್ರಮ ಬೇರೆ ಯಾವ ಕುಷನ್ ಅಂಗಡಿಯಲ್ಲೂ ಇಲ್ಲ. ಗಾಡಿ ಬಂದರೆ ಟೇಪು ಹಿಡಿಯುವ ಮೊದಲು ಸೀಟಿನಲ್ಲಿ ಕಾಲು ಗಂಟೆ ಕೂರುತ್ತಾರೆ. ಗಾಡಿಯವರು ಕಾಫಿಗೆ ಹೋಗಬೇಕು. ನಾಲ್ಕು ಜನ ಕೂರುವ ಕಾರಾದರೆ ನಾಲ್ಕೂ ಕಡೆ ಕೂತು, ಬಾಗಿಲು ತೆಗೆದು ಹಾಕಿ, ಇಳಿದು, ಮತ್ತೆ ಹತ್ತಿ ನೋಡುತ್ತಾರೆ. ಆಮೇಲೆ ಮನೆಯವರನ್ನು ಒಬ್ಬೊಬ್ಬರನ್ನೇ ಕರೆದು, ಒಳಗೆ ಏನು ಹಿತ, ಏನು ಹಿಂಸೆ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಪ್ರತಿ ಪುಟದ ನಡುವೆ ಒಂದು ಗೆರೆ. ಎಡಕ್ಕೆ ‘ಇಷ್ಟ’, ಬಲಕ್ಕೆ ‘ಕಷ್ಟ’.

“ಕಾರು ಅಂದ್ರೆ ಎರಡು ಸಾ. ಒರಗಡೆದು ಊರ್‌ಗೆ, ಒಳಗಡೆದು ಬೆನ್ನಿಗೆ. ಶೋರೂಮ್ನೋರು ಊರಿನ ಕಾರು ಮಾರ್ತಾರೆ. ಬೆನ್ನಿನ ಕಾರು ನಾವು ಮಾಡ್ಬೇಕು,” ಎನ್ನುತ್ತಾರೆ.

ನೋಟ್‌ಬುಕ್ಕನ್ನು ಅವರು ಓದುವುದಿಲ್ಲ, ನಟಿಸುತ್ತಾರೆ. ಪುಟ ತಿರುಗಿದಂತೆ ಗಂಟಲು ತಿರುಗುತ್ತದೆ. ಕ್ಲಚ್ಚು ತುಳಿದೂ ತುಳಿದೂ ಸೊಂಟ ಹೋದ ಟ್ಯಾಕ್ಸಿಯವನ ನರಳಾಟ, ಮಗುವಿನ ವಾಂತಿಯ ವಾಸನೆ ಹೋಗಲಿಲ್ಲವೆಂದು ಮೂಗಿನಿಂದಲೇ ದೂರುವ ಟೀಚರಮ್ಮ, ಸೀಟು ಮೆತ್ತಗಾದರೆ ನಿದ್ದೆ ಬರುತ್ತದೆಂದು ಆಕಳಿಸುತ್ತಾ ಹೇಳುವ ಡ್ರೈವರು, ಎಲ್ಲರೂ ಆ ಒಬ್ಬ ಸಣಕಲು ಮನುಷ್ಯನ ಬಾಯಿಂದ ಸಾಲಾಗಿ ಇಳಿದು ಬರುತ್ತಾರೆ. ಇತ್ತೀಚೆಗೆ ಈ ಆಟ ಕಡಿಮೆಯಾಗಿದೆ ಎಂದು ಸಾಕಮ್ಮ ಹೇಳುತ್ತಾರೆ. ಈಗ ಮನೆಯಲ್ಲಿ ಅವರು ತಮ್ಮ ಸ್ವಂತ ದನಿಯಲ್ಲೂ ಹೆಚ್ಚು ಮಾತಾಡುವುದಿಲ್ಲವಂತೆ.

ಆ ನೋಟ್‌ಬುಕ್ಕಿನಲ್ಲಿ ಅತಿ ಉದ್ದದ ಪುಟ ಗಂಗಾಧರಸ್ವಾಮಿಯವರ ಕಾರಿನದು. ಅದು ಪ್ಲಗ್ ಇನ್ ಹೈಬ್ರಿಡ್. ಪೆಟ್ರೋಲನ್ನೂ ಕುಡಿಯುತ್ತದೆ, ಗೋಡೆಯಿಂದ ಕರೆಂಟನ್ನೂ ಕುಡಿಯುತ್ತದೆ. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ಕಳೆದ ಯುಗಾದಿಯ ಹೊತ್ತಿಗೆ ತಂದರು. ನಂಜನಗೂಡಿನ ಮನೆಯಿಂದ ತಿ. ನರಸೀಪುರದ ಅಕ್ಕಿ ಗಿರಣಿಗೆ ಹೋಗುವಾಗ ಬ್ಯಾಟರಿ, ಬರುವಾಗ ಪೆಟ್ರೋಲು. ಗಿರಣಿಯಲ್ಲೂ ಪ್ಲಗ್ಗು ಹಾಕಿಸಿ ಎಂದು ಮಗಳು ಶಿವಾನಿ ಕಾರು ಬಂದಾಗಿನಿಂದ ಹೇಳುತ್ತಿದ್ದಾಳೆ. ಅಲ್ಲಿನ ಕರೆಂಟು ಭತ್ತಕ್ಕೇ ಸಾಲದು ಎಂದು ಅಪ್ಪ ತಳ್ಳಿಹಾಕುತ್ತಲೇ ಇದ್ದಾರೆ.

‘ಇಷ್ಟ’ದ ಕಡೆ ಗಂಗಾಧರಸ್ವಾಮಿ ಹೇಳಿ ಬರೆಸಿದ್ದು ಸದ್ದಿಲ್ಲದಿರುವುದನ್ನು. ಕಾರು ಬ್ಯಾಟರಿಯಲ್ಲಿ ಹೋಗುವಾಗ ಒಳಗೆ ದೇವಸ್ಥಾನದ ಗರ್ಭಗುಡಿಯಂತೆ ಇರುತ್ತದೆ. ಹೊರಡುವ ಮೊದಲೇ, ಪ್ಲಗ್ಗಿನಲ್ಲಿ ಇರುವಾಗಲೇ, ಫೋನಿನಿಂದ ಒಳಗನ್ನು ತಣ್ಣಗೆ ಮಾಡಿಕೊಳ್ಳಬಹುದು ಎಂಬುದು ಇನ್ನೊಂದು. ‘ಕಷ್ಟ’ದ ಕಡೆ ಅವರದೇ ಏಳು ಸಾಲಿದೆ. ಎಸಿಗೆ ತಿರುಗಿಸುವ ಗುಂಡಿ ಇಲ್ಲ, ಎಲ್ಲವೂ ಗಾಜಿನ ಪರದೆಯೊಳಗೆ. ಅಕ್ಕಿ ಮುಟ್ಟಿದ ಧೂಳಿನ ಬೆರಳಿಗೆ ಅದು ಓಗೊಡುವುದಿಲ್ಲ. ಗಾಳಿ ಕಡಿಮೆ ಮಾಡಲು ಹೋದರೆ ಹಾಡು ಜೋರಾಗುತ್ತದೆ. ನಡುವಿನ ಮಿರಿಮಿರಿ ಕಪ್ಪು ಪಟ್ಟಿಯ ಮೇಲೆ ಮುಟ್ಟಿದವರೆಲ್ಲರ ಬೆರಳಚ್ಚು ಉಳಿಯುತ್ತದೆ. ಡಿಕ್ಕಿಯಲ್ಲಿ ಕೇಬಲ್ಲಿನ ಚೀಲವೇ ಯಜಮಾನನಂತೆ ಕಾಲು ಚಾಚಿ ಮಲಗಿರುತ್ತದೆ. ಅದರ ಪಕ್ಕಕ್ಕೆ ಒಂದು ಮೂಟೆ ಸ್ಯಾಂಪಲ್ ಅಕ್ಕಿ ಇಟ್ಟರೆ ಎರಡನೆಯದಕ್ಕೆ ಜಾಗವಿಲ್ಲ.

ಶಿವಾನಿಗೆ ಗಾಜಿನ ಚಾವಣಿ ಇಷ್ಟ, ಮಲಗಿ ಮೋಡ ನೋಡಬಹುದು. ಅವಳ ಅಜ್ಜಿಗೆ ಅದೇ ಕಷ್ಟ. ತಲೆಯ ಮೇಲೆ ಸೂರಿಲ್ಲದ ಕಾರು ಎಂಥ ಕಾರು ಎನ್ನುತ್ತಾರೆ. ಎಪ್ಪತ್ತೆಂಟರ ಪುಟ್ಟಬಸಮ್ಮ ವಾರಕ್ಕೆ ಮೂರು ದಿನ ಗಿರಣಿಗೆ ಹೋಗಿ ಅಕ್ಕಿಯನ್ನು ಹಿಡಿಯಲ್ಲಿ ತೆಗೆದು ಉಜ್ಜಿ, ಒಣಗಿದೆಯೋ ಇಲ್ಲವೋ ಹೇಳುವವರು. ಐವತ್ತು ವರ್ಷದಿಂದ ಹಾಗೆಯೇ. ಅವರ ಪಾಲಿಗೆ ಆ ಕಾರಿನ ಒಳಗೆ ಕಷ್ಟವಲ್ಲದ್ದು ಒಂದೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತರೆ ಕೆಳಗಡೆ ನೆಲ ಎತ್ತರ, ಮಂಡಿ ಗಲ್ಲಕ್ಕೆ ಬರುತ್ತದೆ. ಅದಕ್ಕೇ ಮುಂದೆ ಬಂದರು. ಮುಂದಿನ ಕೆನೆಬಣ್ಣದ ಚರ್ಮದ ಮೇಲೆ ಸೀರೆ ಜಾರುತ್ತದೆ, ಎಲೆಅಡಿಕೆಯ ಒಂದು ಹನಿ ಬಿದ್ದರೆ ಮನೆಮಂದಿಯೆಲ್ಲ ಸುತ್ತ ನಿಂತು ನೋಡುತ್ತಾರೆ. ಫೋನು ಚಾರ್ಜಿಗೆ ಇಡುವ ಹಾಸಿನ ಮೇಲೆ ಬೆಳ್ಳಿಯ ಎಲೆಅಡಿಕೆ ಪೆಟ್ಟಿಗೆ ಇಟ್ಟರೆ ಪರದೆ ಕಿರುಗುಟ್ಟುತ್ತದೆ. ಕೆಲವು ದಿನ ಅರ್ಧ ದಾರಿಯಲ್ಲೇ ಬ್ಯಾಟರಿ ಮುಗಿದು ಎಂಜಿನ್ ಶುರುವಾದರೆ ಹಿಂದೆ ಯಾರೋ ಕೆಮ್ಮಿದಂತಾಗಿ ಬೆಚ್ಚಿಬೀಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಅವಾಂತರ ಏಪ್ರಿಲ್ ತಿಂಗಳಲ್ಲಾಯಿತು. ಪರದೆಯಲ್ಲಿ ಯಾರದೋ ಬೆರಳು ತಾಗಿ ಸೀಟಿನೊಳಗಿನ ಕಾವು ಹೊತ್ತಿಕೊಂಡಿತು. ತಿ. ನರಸೀಪುರ ಮುಟ್ಟುವವರೆಗೆ ಜ್ವರ ಬಂದಿದೆ ಎಂದೇ ತಿಳಿದಿದ್ದ ಅವರು ಇಳಿದ ಮೇಲೆ ಹೇಳಿದ್ದನ್ನು ನಾಗೇಂದ್ರ ಅಜ್ಜಿಯ ದನಿಯಲ್ಲೇ ಒಪ್ಪಿಸುತ್ತಾರೆ: “ಕರೆಂಟ್ ಕಾರು ಅಂದ್ರಲ್ಲಪ್ಪ, ಇಡ್ಲಿ ಪಾತ್ರೆ ಅನ್ನಬಾರ್ದಾಗಿತ್ತಾ?”

ಈ ಕಷ್ಟಗಳಿಗೆಲ್ಲ ನಾಗೇಂದ್ರ ಒಂದೇ ಮದ್ದು ಹೊಲಿದರು. ಪುಟ್ಟಬಸಮ್ಮನೇ ಆರಿಸಿದ ಕಂದು ಗೆರೆಯ ದಪ್ಪ ಕೈಮಗ್ಗದ ಬಟ್ಟೆ. ಸೊಂಟದ ಕೆಳಗೆ ಎರಡು ಬೆರಳು ಎತ್ತರ ಬರುವಂತೆ ಸ್ಪಂಜು. ಇಳಿಯುವಾಗ ತೊಡೆಗೆ ಒತ್ತುತ್ತಿದ್ದ ಅಂಚಿಗೆ ಮೆತ್ತೆ. ಎಲೆಅಡಿಕೆ ಪೆಟ್ಟಿಗೆಗೆ ಬಾಗಿಲ ಬದಿಯಲ್ಲೊಂದು ಜೇಬು. ಅಲ್ಲಾಡದಂತೆ, ಸರಿಯದಂತೆ, ಸುತ್ತ ಎರಡು ಸಾಲು ನೈಲಾನ್ ದಾರದ ಹೊಲಿಗೆ. ಅಂದಿನಿಂದ ಪುಟ್ಟಬಸಮ್ಮ ಕಾರಿನ ಬಗ್ಗೆ ತಕರಾರು ನಿಲ್ಲಿಸಿದರು. ಅದು ಮಗನ ಕಾರು, ಇದು ನನ್ನ ಸೀಟು ಎಂದು ಬಂದವರಿಗೆಲ್ಲ ಬಾಗಿಲು ತೆಗೆದು ತೋರಿಸಿದರು.

ಕವರು ಹೊಲಿಯುವಾಗ ನಾಗೇಂದ್ರ ಯಾವಾಗಲೂ ಮಾಡುವ ಒಂದು ಕೆಲಸವನ್ನು ಇಲ್ಲೂ ಮಾಡಿದ್ದರು. ಹೊಸ ಕಾರುಗಳ ಮುಂದಿನ ಸೀಟಿನ ಬದಿಯಲ್ಲಿ ಬೆರಳ ತುದಿಯಷ್ಟಗಲದ ಬಟ್ಟೆಯ ಚೀಟಿಯೊಂದು ಹೊರಗೆ ಇಣುಕುತ್ತಿರುತ್ತದೆ. ಅಂಗಿಯ ಕಾಲರಿನ ಹಿಂದೆ ಇರುತ್ತದಲ್ಲ, ಹಾಗೆ. ಗಾಡಿಯವರಿಗೆ ಅದು ಇಷ್ಟವಿಲ್ಲ. ಅಂಗಡಿಯಿಂದ ತಂದ ಅಂಗಿಯ ಲೇಬಲ್ ಕೀಳದೆ ಹಾಕಿಕೊಂಡಂತೆ ಕಾಣುತ್ತದೆ, ತೆಗೆದುಬಿಡಿ ಎಂದು ಅವರೇ ಹೇಳುತ್ತಿದ್ದರು. ನಾಗೇಂದ್ರ ಕತ್ತರಿಸಿ, ಹಿಂಭಾಗದಲ್ಲಿ ಗಾಡಿಯವರ ಹೆಸರು ಬರೆದು, ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿಡುತ್ತಿದ್ದರು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ನೇಯ್ದಿರುತ್ತಿತ್ತು. ಕಂಪನಿಯ ಹೆಸರಿರಬೇಕು ಎಂದುಕೊಂಡಿದ್ದರು.

ಆಷಾಢದಲ್ಲೊಂದು ದಿನ ಶಿವಾನಿ ಸೀಟಿನ ಕಾವನ್ನು ಶಾಶ್ವತವಾಗಿ ಆರಿಸುವುದು ಹೇಗೆಂದು ಕಾರಿನ ಪುಸ್ತಕ ಓದುತ್ತಾ ಕೂತಳು. ಕಾವಿನ ಪುಟ ಹುಡುಕುವಾಗ ಸೀಟಿನ ಬದಿಯ ಪುಟ ಸಿಕ್ಕಿತು. ಓದಿ, ಕಾರನ್ನು ತಾನೇ ಓಡಿಸಿಕೊಂಡು ಅಂಗಡಿಗೆ ಬಂದಳು. ಸೀಟಿನ ಬದಿಯೊಳಗೆ ಏರ್‌ಬ್ಯಾಗ್ ಇರುತ್ತದೆ, ಪಕ್ಕದಿಂದ ಗಾಡಿ ಗುದ್ದಿದರೆ ಅದು ಸೀಟಿನ ಹೊಲಿಗೆ ಹರಿದುಕೊಂಡು ಹೊರಬಂದು ಕೂತವರ ಪಕ್ಕೆಗೂ ಬಾಗಿಲಿಗೂ ನಡುವೆ ಉಬ್ಬಬೇಕು, ಮೇಲೆ ಕವರು ಹಾಕಿ ಹೊಲಿದರೆ ಬರಲಾರದು ಎಂದು ಒಂದೊಂದೇ ಸಾಲು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಗಾಳಿಚೀಲ ಇರುವುದು ಸ್ಟೀರಿಂಗಿನಲ್ಲಿ ಕಣಮ್ಮ ಎಂದು ನಾಗೇಂದ್ರ ನಕ್ಕರು. ಅವಳು ಡಬ್ಬದಿಂದ ಒಂದು ಚೀಟಿ ತೆಗೆದು ಅದರ ಮೇಲೆ ನೇಯ್ದದ್ದನ್ನು ಓದಿದಳು: ‘ಏರ್‌ಬ್ಯಾಗ್’. ಇನ್ನೊಂದು ತೆಗೆದಳು. ಅದರಲ್ಲೂ ಅದೇ ಇತ್ತು. ಎಲ್ಲ ಚೀಟಿಯಲ್ಲೂ ಅದೇ ಇತ್ತು.

“ನಲವತ್ತಮೂರು ಗಾಡಿ ಸಾ,” ಎನ್ನುತ್ತಾರೆ ನಾಗೇಂದ್ರ. “ಆರು ವರ್ಸದಲ್ಲಿ. ಅವ್ರು ಕಾಣ್ಲಿ ಅಂತ ಬರ್ದು ಇಟ್ಟಿದ್ರು. ನಾನು ಕತ್ತರ್ಸಿ ಡಬ್ಬಕ್ ಹಾಕೊಂಡು ಕೂತಿದ್ದೆ.”

ಆ ಮಧ್ಯಾಹ್ನ ಅವರು ಮೊದಲು ಮಾಡಿದ ಕೆಲಸ ಅಂಗಡಿಯ ಗೋಡೆಯಿಂದ ಒಂದು ಫೋಟೋ ಇಳಿಸಿದ್ದು. ಅದರ ಕಥೆ ಹೇಳಲು ಅವರಿಗೆ ಇಷ್ಟವಿಲ್ಲ. ಹೇಳದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ ಎಂದು ತಾವೇ ಹೇಳುತ್ತಾರೆ. ಎರಡೂವರೆ ವರ್ಷದ ಹಿಂದೆ ತಿ. ನರಸೀಪುರದ ಬಸವಣ್ಣ ಎಂಬ ಬಟ್ಟೆ ವ್ಯಾಪಾರಿ ಮೈಸೂರಿನಿಂದ ಮಾಲು ತುಂಬಿಕೊಂಡು ಬರುತ್ತಿದ್ದರು. ವಾಹನಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ಯಾರೋ ರಸ್ತೆಯ ಮೇಲೆ ಹುರುಳಿ ಗಿಡ ಹಾಸಿದ್ದರು. ಕಾರು ಅದರ ಮೇಲೆ ಜಾರಿ, ಅಡ್ಡ ತಿರುಗಿ, ಬಲಪಕ್ಕದಿಂದ ಹೊಂಗೆ ಮರಕ್ಕೆ ಬಡಿಯಿತು. ಬಸವಣ್ಣನ ನಾಲ್ಕು ಪಕ್ಕೆಲುಬು ಮುರಿದವು, ಒಂದು ಶ್ವಾಸಕೋಶಕ್ಕೆ ಚುಚ್ಚಿತು. ಮೈಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ. ಎದ್ದು ಓಡಾಡುವಂತಾದ ಮೇಲೆ ಅವರೇ ನಂಜನಗೂಡಿಗೆ ಬಂದು, ನಜ್ಜುಗುಜ್ಜಾದ ಕಾರಿನ ಫೋಟೋ ಕೊಟ್ಟು, ಎಲ್ಲ ಗುಜರಿಗೆ ಹೋಯಿತು, ನಿನ್ನ ಹೊಲಿಗೆ ಮಾತ್ರ ಒಂದು ನೂಲು ಬಿಟ್ಟಿಲ್ಲ ನೋಡು ಎಂದು ಬೆನ್ನು ತಟ್ಟಿದರು. ನಾಗೇಂದ್ರ ಅದನ್ನು ದೊಡ್ಡದು ಮಾಡಿಸಿ, ಲ್ಯಾಮಿನೇಟ್ ಹಾಕಿಸಿ, ‘ಕಾರು ಹೋದರೂ ಹೊಲಿಗೆ ಹೋಗದು’ ಎಂದು ಬರೆಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದರು. ಅದನ್ನು ನೋಡಿಯೇ ಹನ್ನೊಂದು ಗಾಡಿಯವರು ಕವರು ಹೊಲಿಸಿದರು.

ಇಳಿಸಿದ ಫೋಟೋವನ್ನು ಬೆಳಕಿಗೆ ಹಿಡಿದಾಗ, ಎರಡು ವರ್ಷ ದಿನವೂ ಕಂಡಿದ್ದು ಆವತ್ತು ಕಾಣಿಸಿತು. ಡ್ರೈವರ್ ಸೀಟಿನ ಬಲಬದಿ ಕುರು ಎದ್ದಂತೆ ಊದಿಕೊಂಡಿತ್ತು. ಏಟಿಗೆ ಸ್ಪಂಜು ಉಬ್ಬಿದೆ ಎಂದು ಎಲ್ಲರೂ ತಿಳಿದಿದ್ದರು. ಒಳಗಿನಿಂದ ಹೊರಬರಲು ನೋಡಿದ ಗಾಳಿಚೀಲ ನಾಗೇಂದ್ರ ಅವರ ಎರಡು ಸಾಲು ಹೊಲಿಗೆಯನ್ನು ದಾಟಲಾಗದೆ ಅಲ್ಲೇ ನಿಂತಿತ್ತು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ತಿ. ನರಸೀಪುರಕ್ಕೆ ಹೋದರು. ಬಸವಣ್ಣ ಈಗ ಮೂಟೆ ಎತ್ತುವುದಿಲ್ಲ. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸೀಟಿ ಊದಿದಂತಾಗುತ್ತದೆ. ಅಂಗಡಿಯನ್ನು ಹೆಂಡತಿ ಮಂಚಮ್ಮ ನೋಡಿಕೊಳ್ಳುತ್ತಾರೆ. ಆಕೆ ಕಾಫಿ ಮಾಡಲು ಒಳಗೆ ಹೋದಾಗ ನಾಗೇಂದ್ರ ಫೋಟೋ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದರು. ಬಸವಣ್ಣ ಊದಿದ ಜಾಗದ ಮೇಲೆ ಬೆರಳಿಟ್ಟರು.

“ಅದು ಒರಕ್ಕೆ ಬಂದಿದ್ರೆ ಮುರೀತಿರ್ಲಿಲ್ವಾ?”

“ಗೊತ್ತಿಲ್ಲ ಕಣಣ್ಣ. ಮುರೀತಿತ್ತೋ ಏನೋ. ಕಮ್ಮಿ ಮುರೀತಿತ್ತೇನೋ.”

ಬಸವಣ್ಣ ಫೋಟೋವನ್ನು ಮಡಿಚಲು ನೋಡಿದರು. ಲ್ಯಾಮಿನೇಟ್ ಮಡಿಚಿಕೊಳ್ಳಲಿಲ್ಲ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: “ಮಂಚಿಗೆ ಯೋಳ್ಬ್ಯಾಡ. ನಿನ್ ಮೇಲೆ ಕ್ವಾಪ ಮಾಡ್ಕೊಂಡ್ರೆ ಅದಕ್ಕೆ ಕ್ವಾಪ ಮುಗಿಯಾದೇ ಇಲ್ಲ.” ಕಾಫಿ ಬಂತು. ಮೂವರೂ ಮಳೆಯ ವಿಚಾರ ಮಾತಾಡಿದರು. ಆಮೇಲೊಂದು ದಿನ ಬಸವಣ್ಣನೇ ಮಂಚಮ್ಮನಿಗೆ ಹೇಳಿದರಂತೆ. ಆಕೆ ಅಂಗಡಿಗೆ ಬಂದು ಜಗಳವಾಡುತ್ತಾರೆಂದು ನಾಗೇಂದ್ರ ಕಾದರು. ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು ಎನ್ನುತ್ತಾರೆ.

ಅಂದಿನಿಂದ ನಾಗೇಂದ್ರ ಬೆಳಗಿನ ಐದೂವರೆಗೆ ಮನೆ ಬಿಡುತ್ತಾರೆ. ಗಾಡಿಗಳು ರಸ್ತೆಗಿಳಿಯುವ ಮೊದಲು ಸಿಕ್ಕಬೇಕು. ಒಂದು ಸೀಟಿನ ಹೊಲಿಗೆ ಬಿಚ್ಚಿ, ಬದಿಯನ್ನು ಪೂರ್ತಿ ತೆರೆದು, ಕವರು ಜಾರದಂತೆ ಕೆಳಗಡೆ ದಾರದ ಗಂಟು ಹಾಕಿ ನಿಲ್ಲಿಸಲು ಮುಕ್ಕಾಲು ಗಂಟೆ. ಎರಡು ಸೀಟಿಗೆ ಒಂದೂವರೆ ಗಂಟೆ. ದಿನಕ್ಕೆ ಹೆಚ್ಚೆಂದರೆ ಎರಡು ಗಾಡಿ. ಒಂಬತ್ತಕ್ಕೆ ಅಂಗಡಿಯ ಬಾಗಿಲು. ಕಾರಿಗೆ ಚಾರ್ಜು ಹಾಕುವ ಮನೆಯಿರಲಿ, ಹಾಕದ ಮನೆಯಿರಲಿ, ನಾಗೇಂದ್ರ ಎಲ್ಲೂ ಚಾರ್ಜು ಮಾಡುವುದಿಲ್ಲ. ಸುಮ್ಮನೆ ಮಾಡಿಕೊಡುತ್ತೇನೆಂದರೂ ಜನ ಖುಷಿಪಡುವುದಿಲ್ಲ ಎಂಬುದು ಅವರಿಗೆ ಬಲುಬೇಗ ಗೊತ್ತಾಯಿತು.

ಸೋಸಲೆಯ ಟ್ಯಾಕ್ಸಿ ಮಲ್ಲಯ್ಯ, ನಾನು ನಿನ್ನ ಹತ್ತಿರ ಬಂದದ್ದೇ ಹೊಲಿಗೆ ಬಿಡಲ್ಲ ಅಂತ, ಈಗ ನೀನೇ ಬಂದು ಬಿಡಿಸುತ್ತೀನಿ ಅಂತೀಯಲ್ಲ ಎಂದು ಎರಡು ಸಲ ಹಿಂದಕ್ಕೆ ಕಳಿಸಿದರು. ಬದಿ ತೆರೆದ ಕವರು ಜೋಲುತ್ತದೆ, ಮದುವೆ ಪಾರ್ಟಿಯವರು ಹತ್ತುವುದಿಲ್ಲ ಎಂಬುದು ಅವರ ಭಯ. ಒಬ್ಬರು ಮೇಷ್ಟ್ರು, ಏನಾದರೂ ಆದರೆ ನೀನೇ ಹೊಣೆ ಎಂದು ಬರೆದುಕೊಡು ಎಂದರು. ಒಬ್ಬರು ಏನೋ ಕದಿಯಲು ಬಂದಿದ್ದೀಯ ಎಂದರು. ಹೊಲಿಗೆ ಬಿಚ್ಚುತ್ತಿದ್ದಾನೆ ಎಂದರೆ ಕೆಲಸ ಕಳಪೆ ಎಂದೇ ಊರು ಅರ್ಥ ಮಾಡಿಕೊಂಡಿತು. ಮೊದಲು ವಾರಕ್ಕೆ ನಾಲ್ಕು ಗಾಡಿ ಬರುತ್ತಿದ್ದ ಅಂಗಡಿಗೆ ಈಗ ಒಂದು ಬಂದರೆ ಬಂತು. ಸಾಕಮ್ಮ ತಮ್ಮ ಯಂತ್ರದಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದಾರೆ.

“ನಲವತ್ತಮೂರ್ರಲ್ಲಿ ಅರ್ಧಕ್ ಮಿಷಿನ್ ತುಳ್ದಿರಾದು ನಾನೂವೆ,” ಎನ್ನುತ್ತಾರೆ ಸಾಕಮ್ಮ. “ಅದ್ಯಾಕೋ ಇವ್ರೊಬ್ರೇ ಮಾಡ್ದಂಗೆ ಒದ್ದಾಡ್ತಾರೆ.”

ಗುಜರಿಗೆ ಹೋದ ಬಸವಣ್ಣನದೂ ಸೇರಿ ನಲವತ್ತು ಗಾಡಿ ಮುಗಿದಿವೆ. ಉಳಿದದ್ದು ಮೂರು. ಅದರಲ್ಲಿ ಮೊದಲು ತಿಳಿದದ್ದು ಯಾವುದರಿಂದಲೋ ಅದೇ ಇನ್ನೂ ಆಗಿಲ್ಲ. ಗಂಗಾಧರಸ್ವಾಮಿ ಅಮ್ಮನ ಮಾತು ಮೀರುವವರಲ್ಲ. ಶಿವಾನಿ ಎರಡು ಹೊತ್ತು ಊಟ ಬಿಟ್ಟು ನೋಡಿದಳು. ಅಜ್ಜಿ ಮೂರು ಹೊತ್ತು ಬಿಟ್ಟರು. ಸೀಟು ಬಿಚ್ಚಿದರೆ ಕಾರೇ ಹತ್ತುವುದಿಲ್ಲ, ಗಿರಣಿಯೂ ಬೇಡ ಎಂದು ಹಟ ಹಿಡಿದರು. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ ಆ ಕಾರು ಊರಿನ ಕಡೆಯಿಂದ ಬಂದು, ಅಂಗಡಿಯ ಮುಂದೆಯೇ ಹಾದು, ತಿ. ನರಸೀಪುರಕ್ಕೆ ತಿರುಗುತ್ತದೆ. ಸದ್ದಿಲ್ಲದ ಕಾರು, ಹೋದದ್ದು ಗೊತ್ತಾಗುವುದಿಲ್ಲ. ನಾಗೇಂದ್ರ ಅವರಿಗೆ ಮಾತ್ರ ಗೊತ್ತಾಗುತ್ತದೆ. ಅದು ವಾಪಸ್ ಬರುವವರೆಗೆ ಅವರು ದಬ್ಬಳ ಹಿಡಿಯುವುದಿಲ್ಲವೆಂದು ಪಂಕ್ಚರ್ ಅಂಗಡಿಯವರು ಹೇಳುತ್ತಾರೆ.

ಆರೂವರೆಗೆ ಪುಟ್ಟಬಸಮ್ಮ ಹೊರಗೆ ಬರುತ್ತಾರೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿದೆ. ನಾಗೇಂದ್ರ ಕಾರಿನಿಂದ ಇಳಿದು ಚಪ್ಪಲಿ ಹಾಕಿಕೊಳ್ಳದೆ ನಿಲ್ಲುತ್ತಾರೆ. ಈ ಮನೆಯ ಕಾರಿನ ಐದೂ ಸೀಟಿನಲ್ಲಿ ಕೂತು ಎದ್ದಿರುವ ಅವರು ಈ ಮನೆಯ ಕುರ್ಚಿಯಲ್ಲಿ ಒಮ್ಮೆಯೂ ಕೂತಿಲ್ಲ. ಕಾಫಿ ಜಗಲಿಗೇ ಬರುತ್ತದೆ.

“ಬಂದ್ಯಾ,” ಎನ್ನುತ್ತಾರೆ ಪುಟ್ಟಬಸಮ್ಮ. “ಕೊಟ್ಟಿದ್ನ ಕಿತ್ಕೊಳ್ಳಾಕೆ ಇಷ್ಟ್ ಆಸೆಯೇನಪ್ಪ ನಿಂಗೆ?”

“ಇಲ್ಲ ಕಣವ್ವ.”

“ಆ ಗಾಡೀಲಿ ಗಾಜು ಅವಳ್ದು, ಪರದೆ ಅವನ್ದು. ಇದೊಂದು ನಂದು. ಇದ್ನೂ ಬುಟ್ಬುಡು ಅಂತೀಯ.”

ಹಿಂದಿನ ನಾಲ್ಕು ಸಲವೂ ನಾಗೇಂದ್ರ ಪುಸ್ತಕದಲ್ಲಿ ಹೀಗಿದೆ, ಕಂಪನಿ ಹೀಗೆ ಹೇಳಿದೆ ಎಂದು ಹೇಳಿ ಸೋತಿದ್ದರು. ಪುಸ್ತಕವನ್ನಾಗಲೀ ಕಂಪನಿಯನ್ನಾಗಲೀ ಪುಟ್ಟಬಸಮ್ಮ ನಂಬುವವರಲ್ಲ. ಈ ಸಲ ನಾಗೇಂದ್ರ ಸೀಟಿನ ಬದಿ ತೋರಿಸಿ, ಅಲ್ಲಿಗೆ ಕೈ ಹಾಕಿ ಒತ್ತಿ ನೋಡಿ ಎಂದಷ್ಟೇ ಕೇಳುತ್ತಾರೆ. ಅಕ್ಕಿ ಉಜ್ಜುವ ಬೆರಳುಗಳು ಬಟ್ಟೆಯ ಮೇಲೆ ಮೆಲ್ಲಗೆ ಸರಿಯುತ್ತವೆ. ಸ್ಪಂಜಿನ ಮೆದು ಮುಗಿದು ಒಂದು ಕಡೆ ಗಟ್ಟಿ ಸಿಕ್ಕುತ್ತದೆ. ಬೆರಳು ಅಲ್ಲೇ ನಿಲ್ಲುತ್ತದೆ, ಅದರ ಅಂಚು ಹುಡುಕುತ್ತದೆ, ಸುತ್ತು ಹೊಡೆಯುತ್ತದೆ.

“ಮಡ್ಚಿಟ್ಟಂಗದೆ,” ಎನ್ನುತ್ತಾರೆ.

ನಾಗೇಂದ್ರ ಚೀಲದಿಂದ ಬಸವಣ್ಣನ ಫೋಟೋ ತೆಗೆದು ಕೊಡುತ್ತಾರೆ. ಮೇಲೆ ಬರೆಸಿದ್ದ ಸಾಲನ್ನು ಕತ್ತರಿಸಿ ತೆಗೆದಿದ್ದಾರೆ. ಊದಿದ ಜಾಗ ಯಾವುದೆಂದು ತೋರಿಸುತ್ತಾರೆ. ಪುಟ್ಟಬಸಮ್ಮ ಕನ್ನಡಕ ತರಿಸಿಕೊಂಡು ನೋಡುತ್ತಾರೆ.

“ಇದ್ಯಾರ್ ಒಲಿಗೆ?”

“ನಂದೇ ಕಣವ್ವ. ನಿಮ್ ಪಕ್ಕೆಗೆ ಕೂತಿರಾದೂ ಅದೇಯ.”

“ಈ ಮನ್ಸ ಎಂಗವ್ನೆ?”

“ಬದುಕವ್ರೆ. ಏದುಸ್ರು.”

ಶಿವಾನಿ ಬಾಗಿಲಲ್ಲಿ ನಿಂತಿದ್ದಾಳೆ. ಪುಟ್ಟಬಸಮ್ಮ ಫೋಟೋ ವಾಪಸ್ ಕೊಡುತ್ತಾರೆ. ಸೀಟಿನ ಜೇಬಿನಿಂದ ಎಲೆಅಡಿಕೆ ಪೆಟ್ಟಿಗೆ ತೆಗೆದುಕೊಂಡು ಸೆರಗಿನಲ್ಲಿ ಒರೆಸುತ್ತಾ ಜಗಲಿಯ ಮೇಲೆ ಹೋಗಿ ಕೂರುತ್ತಾರೆ.

“ಬಿಚ್ಚು,” ಎನ್ನುತ್ತಾರೆ. “ಬಟ್ಟೆ ಹರೀಬ್ಯಾಡ.”

ನಾಗೇಂದ್ರ ಮಂಡಿಯೂರಿ ಕೂರುತ್ತಾರೆ. ಚಾಕುವಿನ ಮೊನೆ ಮೊದಲ ಹೊಲಿಗೆಯ ಕೆಳಗೆ ಹೋಗುವುದಕ್ಕೇ ಹೊತ್ತು ಹಿಡಿಯುತ್ತದೆ. ಒಂದು, ಎರಡು, ಮೂರು. ಪ್ರತಿ ನೂಲು ಕಡಿಯುವಾಗಲೂ ಸಣ್ಣಗೆ ಟಿಕ್ಕೆನ್ನುತ್ತದೆ. ಅಂಗೈ ಉದ್ದ ಬಿಚ್ಚಿದ ಮೇಲೆ ಒಂದು ಗಳಿಗೆ ನಿಲ್ಲಿಸಿ, ಮಣಿಕಟ್ಟು ಒತ್ತಿಕೊಂಡು, ಮತ್ತೆ ಮುಂದುವರಿಸುತ್ತಾರೆ. ಕತ್ತರಿಸಿದ ದಾರದ ತುಣುಕುಗಳು ತೊಡೆಯ ಮೇಲೆ ಉದುರುತ್ತವೆ. ಒಂದನ್ನೂ ನೆಲಕ್ಕೆ ಬೀಳಲು ಬಿಡದೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಪುಟ್ಟಬಸಮ್ಮ ಅತ್ತ ನೋಡುವುದಿಲ್ಲ. ಅಡಿಕೆ ಕತ್ತರಿಸುತ್ತಾರೆ.

ಏಳೂಕಾಲಿಗೆ ಕೆಲಸ ಮುಗಿಯುತ್ತದೆ. ಬದಿ ತೆರೆದುಕೊಂಡಿದೆ, ಕೆನೆಬಣ್ಣದ ಚರ್ಮ ಹೊರಗೆ ಇಣುಕುತ್ತಿದೆ. ಗಂಗಾಧರಸ್ವಾಮಿ ಕೇಬಲ್ಲು ಕೀಳುತ್ತಾರೆ. ಪುಟ್ಟಬಸಮ್ಮ ಹತ್ತಿ ಕೂತು ಎರಡು ಸಲ ಸರಿದಾಡಿ, ಬಟ್ಟೆ ಜಾರುತ್ತದೆ, ಇಲ್ಲಿ ಗಾಳಿ ಆಡುತ್ತದೆ, ಮೊದಲಿನ ಹಾಗಿಲ್ಲ ಎಂದು ಒಂದೊಂದಾಗಿ ಹೇಳುತ್ತಾರೆ. ನಾಗೇಂದ್ರ ನೋಟ್‌ಬುಕ್ಕು ತೆಗೆದು ಬಲಗಡೆಯ ಸಾಲಿನಲ್ಲಿ ಬರೆದುಕೊಳ್ಳುತ್ತಾರೆ. ಎಡಗಡೆ ಪುಟ್ಟಬಸಮ್ಮನ ಹೆಸರಿನಲ್ಲಿದ್ದ ‘ನನ್ನ ಸೀಟು’ ಎಂಬ ಒಂದೇ ಸಾಲನ್ನು ಹೊಡೆದುಹಾಕುತ್ತಾರೆ. ಕಾರು ಸದ್ದಿಲ್ಲದೆ ಗೇಟು ದಾಟುತ್ತದೆ.

ಇನ್ನು ಎರಡು ಉಳಿದಿವೆ. ಎರಡೂ ಕೈ ಬದಲಾಗಿ ಹೋದ ಗಾಡಿಗಳು. ಮಾರಿದವರಿಗೆ ಕೊಂಡವರ ಗುರುತಿಲ್ಲ. ಒಂದು ತಿ. ನರಸೀಪುರದ ಕಡೆಯೇ ಓಡಾಡುತ್ತಿದೆ ಎಂದು ಯಾರೋ ಹೇಳಿದರೆಂದು ನಾಗೇಂದ್ರ ಎರಡು ಭಾನುವಾರ ಅಲ್ಲಿನ ಬಸ್ ನಿಲ್ದಾಣದ ಎದುರು ನಿಂತು ಬರುವ ಕಾರುಗಳ ಸೀಟು ಇಣುಕಿದ್ದಾರೆ. ಒಬ್ಬರು ಪೊಲೀಸರಿಗೆ ಫೋನು ಮಾಡುವುದಾಗಿ ಹೆದರಿಸಿದರು. ಮುಂದಿನ ಭಾನುವಾರವೂ ಹೋಗುತ್ತಾರೆ.

ಪತ್ರಿಕೆಗೆ ಒಂದು ಫೋಟೋ ಬೇಕು, ಅಂಗಡಿಯ ಮುಂದೆ ನಿಲ್ಲಿ ಎಂದರೆ ನಾಗೇಂದ್ರ ನಿಲ್ಲುವುದಿಲ್ಲ.

“ನನ್ ಮುಖ ಯಾಕ್ ಸಾ? ಆ ಜಾಗದಲ್ಲಿ ಗಾಡಿ ವಿಚಾರ ಹಾಕ್ಸಿ. ಒಂದು ಬಿಳೀದು, ಒಳಗಡೆ ಕೆಂಪು ರೆಕ್ಸಿನ್ನು, ಅಂಚಿಗೆ ಕರೀ ದಾರ. ಇನ್ನೊಂದು ಬೂದಿ ಬಣ್ಣದ್ದು, ಕಾಫಿಪುಡಿ ಕಲರ್ ಬಟ್ಟೆ. ಓಡ್ಸೋರು ಬಾಗ್ಲು ಕಡೆ ಕೈ ಹಾಕಿ ಸೀಟಿನ ಪಕ್ಕ ಮುಟ್ ನೋಡ್ಲಿ. ಎರಡು ಸಾಲು ಒಲಿಗೆ ಸಿಕ್ಕುದ್ರೆ ನಂದೇಯ. ನಮ್ಮಂಗಡಿಗೇ ಬರ್ಬೇಕು ಅಂತೇನಿಲ್ಲ, ಒಂದ್ ಬ್ಲೇಡ್ ತಕೊಂಡು ಅವರೇ ಬಿಚ್ಕೊಳ್ಳಿ.” ಸಾಕಮ್ಮನ ಯಂತ್ರದ ಕಡೆ ನೋಡಿ, ಇನ್ನೊಂದು ಮಾತು ಸೇರಿಸುತ್ತಾರೆ: “ನಿಧಾನಕ್ಕೆ ಬಿಚ್ಚಕ್ ಯೋಳಿ ಸಾ, ಕೈ ಕುಯ್ಕೊಂಡಾರು. ಭಾಳ ಹತ್ರತ್ರ ಹಾಕಿವ್ನಿ. ಬೇಗ ಬರಲ್ಲ ಅದು.”